ಮ್ಯಾಕ್‌ಬೆತ್ ಓದುವಾಗ ಪ್ರತಿಮೆಗಳ ಜಾಡು ಹಿಡಿಯುವುದು ಹೇಗೆ?

"ಮ್ಯಾಕ್‌ಬೆತ್ ಕಥೆ ಗೊತ್ತು. ಆದರೆ ಅದರ ಥೀಮ್, ಇಮೇಜರಿ ಬಗ್ಗೆ ಬರೆಯಿರಿ ಅಂದರೆ ಕೈ ಓಡುವುದಿಲ್ಲ." ಈ ಮಾತನ್ನು ಓದುಗರು ನನಗೆ ಮತ್ತೆ ಮತ್ತೆ ಬರೆಯುತ್ತಾರೆ. ಬಿ.ಎ. ಓದುವವರು ಕೇಳುತ್ತಾರೆ, ಎಂ.ಎ. ಪರೀಕ್ಷೆಗೆ ಕೂತವರು ಕೇಳುತ್ತಾರೆ, ನಾಟಕ ನೋಡಿ ಬಂದು ಮೂಲವನ್ನೂ ಓದಬೇಕು ಅನ್ನಿಸಿದವರು ಕೇಳುತ್ತಾರೆ. ಹೆಚ್ಚಿನವರು ಸಿಕ್ಕಿಕೊಂಡಿರುವುದು ಒಂದೇ ಜಾಗದಲ್ಲಿ. ಮೊದಲು ಆಶಯಗಳ ಪಟ್ಟಿ ಮಾಡುತ್ತಾರೆ: ಮಹತ್ವಾಕಾಂಕ್ಷೆ, ಪಾಪಪ್ರಜ್ಞೆ, ವಿಧಿ. ಆಮೇಲೆ ಆ ಪಟ್ಟಿಗೆ ಹೊಂದುವ ಸಾಲು ಹುಡುಕಿಕೊಂಡು ಹೋಗುತ್ತಾರೆ. ಸಾಲು ಸಿಗುತ್ತದೆ, ನಾಟಕ ಸಿಗುವುದಿಲ್ಲ.

ನಾನು ಹೇಳುವ ದಾರಿ ಇದರ ತಿರುಗುಮುರುಗು. ಮೊದಲು ಕೈಗೆ ಸಿಗುವ ಒಂದು ವಸ್ತು ಹಿಡಿಯಿರಿ. ಒಂದು ಅಂಗಿ, ಒಂದು ದೀಪ, ಕೈಗೆ ಅಂಟಿದ ರಕ್ತ. ಅದು ನಾಟಕದೊಳಗೆ ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ಅದರ ಹಿಂದೆಯೇ ಹೋಗಿ. ಹೋಗುತ್ತಾ ಹೋಗುತ್ತಾ ಆಶಯ ನಿಮಗೇ ಕಾಣುತ್ತದೆ. ಹೇಗೆ ಅಂತ ಒಂದೊಂದೇ ಹಂತವಾಗಿ ನೋಡೋಣ.

ಮೊದಲು ಎರಡು ಪದ

ಪ್ರತಿಮೆ ಅಂದರೆ ಮಾತಿನಲ್ಲಿ ಕಟ್ಟಿದ ಚಿತ್ರ. ಕಣ್ಣಿಗೆ ಕಾಣುವ, ಕಿವಿಗೆ ಕೇಳುವ, ಮೂಗಿಗೆ ಬಡಿಯುವ ಏನನ್ನೋ ಹೇಳಿ ಮನಸ್ಸಿನ ಒಳಗಿರುವುದನ್ನು ತೋರಿಸುವುದು. ಒಂದೇ ಬಗೆಯ ಚಿತ್ರ ನಾಟಕದುದ್ದಕ್ಕೂ ಮತ್ತೆ ಮತ್ತೆ ಬಂದರೆ ಅದು ಪ್ರತಿಮೆಗಳ ಸರಣಿ. ಕಾಲೇಜಿನಲ್ಲಿ ಇಮೇಜರಿ ಅನ್ನುವುದು ಇದನ್ನೇ.

ಆಶಯ, ಅಂದರೆ ಥೀಮ್, ಬೇರೆ. "ಮಹತ್ವಾಕಾಂಕ್ಷೆ" ಅನ್ನುವುದು ಬರೀ ವಿಷಯದ ಹೆಸರು. ಆ ವಿಷಯದ ಬಗ್ಗೆ ನಾಟಕ ಏನು ಕಂಡುಕೊಂಡಿದೆ ಅಂತ ನೀವು ಒಂದು ಪೂರ್ತಿ ವಾಕ್ಯದಲ್ಲಿ ಹೇಳಿದಾಗ ಅದು ಆಶಯವಾಗುತ್ತದೆ. ಒಂದೇ ಪದದಲ್ಲಿ ನಿಂತರೆ ಅರ್ಧ ದಾರಿಯಲ್ಲಿ ನಿಂತ ಹಾಗೆ.

ಏನೇನು ಬೇಕು

ಮೂಲ ನಾಟಕದ ಒಂದು ಪ್ರತಿ ಬೇಕು. ಸಾಲಿನ ಸಂಖ್ಯೆ, ಕೆಳಗೆ ಪದಗಳ ಅರ್ಥ ಎರಡೂ ಇರುವಂಥದ್ದು ತೆಗೆದುಕೊಳ್ಳಿ. ಇಂಗ್ಲಿಷ್ ಕಷ್ಟ ಅನ್ನಿಸಿದರೆ ಪಕ್ಕದಲ್ಲಿ ಕನ್ನಡ ಅನುವಾದ ಇಟ್ಟುಕೊಳ್ಳಿ. ಡಿ.ವಿ. ಗುಂಡಪ್ಪನವರು ಈ ನಾಟಕವನ್ನು ಕನ್ನಡಕ್ಕೆ ತಂದಿದ್ದಾರೆ, ರಾಮಚಂದ್ರ ದೇವ ಅವರೂ ತಂದಿದ್ದಾರೆ. ಜೊತೆಗೆ ಒಂದು ನೋಟ್‌ಬುಕ್, ನಾಲ್ಕು ಬಣ್ಣದ ಪೆನ್ಸಿಲ್. ಅಷ್ಟೇ.

ಹಿನ್ನೆಲೆ ಇಷ್ಟು ತಿಳಿದಿರಲಿ. ನಾಟಕ ಬರೆದದ್ದು 1606ರ ಸುಮಾರಿಗೆ. ಅಚ್ಚಾಗಿದ್ದು 1623ರಲ್ಲಿ, ಶೇಕ್ಸ್‌ಪಿಯರ್ ತೀರಿಕೊಂಡ 7 ವರ್ಷದ ಮೇಲೆ, ಫಸ್ಟ್ ಫೋಲಿಯೊ ಎಂಬ ದೊಡ್ಡ ಸಂಪುಟದಲ್ಲಿ. 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನಕ್ಕೂ ಬಂದಿದ್ದ. 1605ರ ನವೆಂಬರಿನಲ್ಲಿ ಪಾರ್ಲಿಮೆಂಟಿನ ಕೆಳಗೆ ಸಿಡಿಮದ್ದು ತುಂಬಿ ಅವನನ್ನು ಕೊಲ್ಲುವ ಸಂಚು ಸಿಕ್ಕಿಬಿದ್ದಿತ್ತು. ಹಾಗಾಗಿ ರಾಜನ ಕೊಲೆ ಅನ್ನುವುದು ಅವತ್ತಿನ ನೋಡುಗರಿಗೆ ಹಳೇ ಕಥೆಯಾಗಿರಲಿಲ್ಲ, ಇನ್ನೂ ಆರದ ಭಯವಾಗಿತ್ತು.

ಮುಂದೆ 1.3 ಅಂತ ಬರೆದರೆ 1ನೇ ಅಂಕದ 3ನೇ ದೃಶ್ಯ ಅಂತ ಓದಿಕೊಳ್ಳಿ. ನಾಟಕದ ಸಾಲುಗಳನ್ನು ನಾನು ನನ್ನ ಮಾತಿನಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ. ನೀವು ಬರೆಯುವಾಗ ಮೂಲದ ಸಾಲನ್ನೇ ಕೊಡಿ.

ಹಂತ 1: ಒಂದೇ ಸಲಕ್ಕೆ ಪೂರ್ತಿ ಓದಿ

ಶೇಕ್ಸ್‌ಪಿಯರ್ ಬರೆದ ದುರಂತ ನಾಟಕಗಳಲ್ಲಿ ಇದೇ ಚಿಕ್ಕದು. ಒಂದು ಭಾನುವಾರ ಬೆಳಗ್ಗೆ ಕೂತರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ. ಮೊದಲ ಓದಿನಲ್ಲಿ ಪೆನ್ಸಿಲ್ ಮುಟ್ಟಬೇಡಿ. ಪದ ತಿಳಿಯದಿದ್ದರೆ ಹಾಗೇ ಮುಂದೆ ಹೋಗಿ.

ಕಥೆಯ ಎಳೆ ಇಷ್ಟು. ಸ್ಕಾಟ್ಲೆಂಡಿನ ದೊರೆ ಡಂಕನ್. ಅವನ ಸೇನಾನಿ ಮ್ಯಾಕ್‌ಬೆತ್, ಗ್ಲಾಮಿಸ್ ಸೀಮೆಯ ಥೇನ್. ಥೇನ್ ಅಂದರೆ ದೊರೆಯ ಕೈಕೆಳಗೆ ಒಂದು ಸೀಮೆ ಆಳುವ ಒಡೆಯ. ಯುದ್ಧ ಗೆದ್ದು ಬರುವ ದಾರಿಯಲ್ಲಿ ಮೂವರು ಮಾಟಗಾತಿಯರು ಎದುರಾಗುತ್ತಾರೆ. ನೀನು ಕಾಡರ್‌ನ ಥೇನ್ ಆಗುತ್ತೀಯ, ಆಮೇಲೆ ದೊರೆಯಾಗುತ್ತೀಯ ಅನ್ನುತ್ತಾರೆ. ಜೊತೆಗಿದ್ದ ಇನ್ನೊಬ್ಬ ಸೇನಾನಿ ಬ್ಯಾಂಕೊಗೆ, ನಿನ್ನ ವಂಶದವರು ದೊರೆಗಳಾಗುತ್ತಾರೆ ಅನ್ನುತ್ತಾರೆ. ಹೆಂಡತಿಯ ಒತ್ತಾಯವೂ ಸೇರಿ, ಮನೆಗೆ ಅತಿಥಿಯಾಗಿ ಬಂದ ಡಂಕನ್ನನನ್ನು ಮ್ಯಾಕ್‌ಬೆತ್ ಮಲಗಿದ್ದಲ್ಲೇ ಕೊಲ್ಲುತ್ತಾನೆ. ದೊರೆಯಾಗುತ್ತಾನೆ. ಆ ಪಟ್ಟ ಉಳಿಸಿಕೊಳ್ಳಲು ಬ್ಯಾಂಕೊನನ್ನು ಕೊಲ್ಲಿಸುತ್ತಾನೆ, ಇನ್ನೊಬ್ಬ ಥೇನ್ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸುತ್ತಾನೆ. ಹೆಂಡತಿ ನಿದ್ದೆಗಣ್ಣಿನಲ್ಲಿ ನಡೆಯತೊಡಗಿ ಕೊನೆಗೆ ಸಾಯುತ್ತಾಳೆ. ಮ್ಯಾಕ್‌ಬೆತ್‌ನ ತಲೆ ಮ್ಯಾಕ್‌ಡಫ್‌ನ ಕೈಗೆ ಹೋಗುತ್ತದೆ, ಡಂಕನ್ನನ ಮಗ ಮಾಲ್ಕಮ್ ದೊರೆಯಾಗುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ. ಇತಿಹಾಸದ ಮ್ಯಾಕ್‌ಬೆತ್ ಬೇರೆ. ಅವನು 1040ರಿಂದ 1057ರವರೆಗೆ ಆಳಿದ ನಿಜವಾದ ದೊರೆ, ಡಂಕನ್ ಸತ್ತದ್ದು ಹಾಸಿಗೆಯಲ್ಲಿ ಅಲ್ಲ, ಕಾಳಗದಲ್ಲಿ. ಶೇಕ್ಸ್‌ಪಿಯರ್ ಕಥೆ ಎತ್ತಿಕೊಂಡದ್ದು ಹಾಲಿನ್‌ಶೆಡ್ ಎಂಬವನ ಚರಿತ್ರೆಯ ಪುಸ್ತಕದಿಂದ. ಅದರಲ್ಲಿ ಬ್ಯಾಂಕೊ ಕೂಡ ಸಂಚಿನ ಪಾಲುದಾರ. ಜೇಮ್ಸ್ ದೊರೆಯ ವಂಶ ಬ್ಯಾಂಕೊನದು ಅಂತ ಆಗ ನಂಬಿದ್ದರು. ಹಾಗಾಗಿ ನಾಟಕದಲ್ಲಿ ಅವನು ಸಂಚಿನಲ್ಲಿ ಕೈಯಿಲ್ಲದ ಮನುಷ್ಯನಾದ. ಇತಿಹಾಸ, ನಾಟಕ ಎರಡನ್ನೂ ಬೆರೆಸಿ ಬರೆದರೆ ಉತ್ತರ ಕೆಡುತ್ತದೆ.

ಹಂತ 2: ಒಂದೇ ಒಂದು ಪ್ರತಿಮೆ ಆರಿಸಿ, ಕೊನೆವರೆಗೂ ಬಿಡಬೇಡಿ

ಎರಡನೇ ಓದಿಗೆ ಪೆನ್ಸಿಲ್ ತೆಗೆದುಕೊಳ್ಳಿ. ಎಲ್ಲ ಪ್ರತಿಮೆಗಳನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಜಾಸ್ತಿ ಜನ ಸೋಲುವುದು ಇಲ್ಲೇ. ನಾನು ಬಟ್ಟೆಯಿಂದ ಶುರುಮಾಡಿ ಅನ್ನುತ್ತೇನೆ. ರಕ್ತ ಎಲ್ಲರ ಕಣ್ಣಿಗೂ ಬೀಳುತ್ತದೆ. ಬಟ್ಟೆಯನ್ನು ಹುಡುಕಬೇಕು, ಹಾಗಾಗಿ ಕಣ್ಣು ಪಳಗುತ್ತದೆ. 1935ರಲ್ಲಿ ಕ್ಯಾರೊಲಿನ್ ಸ್ಪರ್ಜನ್ ಎಂಬ ವಿದ್ವಾಂಸೆ ಶೇಕ್ಸ್‌ಪಿಯರ್‌ನ ಪ್ರತಿಮೆಗಳ ಬಗ್ಗೆ ಒಂದು ಪುಸ್ತಕ ಬರೆದು, ಈ ನಾಟಕದಲ್ಲಿ ಅಳತೆಗೆ ಸರಿಯಿಲ್ಲದ ಬಟ್ಟೆ ಪದೇ ಪದೇ ಬರುತ್ತದೆ ಅಂತ ತೋರಿಸಿದರು. ನಾವೂ ಆ ಜಾಡಿನಲ್ಲಿ ಹೋಗೋಣ.

1.2: ಮ್ಯಾಕ್‌ಬೆತ್ ಇನ್ನೂ ರಂಗಕ್ಕೆ ಬಂದಿಲ್ಲ. ಗಾಯಗೊಂಡ ಸೈನಿಕ ಅವನ ಶೌರ್ಯ ಹೇಳುತ್ತಾನೆ: ಶತ್ರುವನ್ನು ಹೊಕ್ಕಳಿಂದ ದವಡೆಯವರೆಗೆ ಹೊಲಿಗೆ ಬಿಚ್ಚಿದ ಹಾಗೆ ಸೀಳಿದ. ಹೊಲಿಗೆ ಬಿಚ್ಚುವುದು ದರ್ಜಿಯ ಮಾತು. ಇಲ್ಲಿಂದಲೇ ಗುರುತು ಹಾಕಿ.

1.3: ನಿನಗೆ ಕಾಡರ್‌ನ ಪದವಿ ಸಿಕ್ಕಿದೆ ಅಂತ ದೂತರು ಹೇಳುತ್ತಾರೆ. ಮ್ಯಾಕ್‌ಬೆತ್ ಕೇಳುತ್ತಾನೆ: ಕಾಡರ್‌ನ ಥೇನ್ ಇನ್ನೂ ಬದುಕಿದ್ದಾನೆ, ನನಗೇಕೆ ಎರವಲು ಬಟ್ಟೆ ತೊಡಿಸುತ್ತೀರಿ? ಪದವಿ ಅವನ ಬಾಯಲ್ಲಿ ಮೊದಲ ಸಲ ಬಟ್ಟೆಯಾಯಿತು. ಅದೂ ಇನ್ನೊಬ್ಬರದು. ಅದೇ ದೃಶ್ಯದಲ್ಲಿ ಅವನು ಯೋಚನೆಯಲ್ಲಿ ಮುಳುಗಿದ್ದಾಗ ಬ್ಯಾಂಕೊ ಹೇಳುತ್ತಾನೆ: ಹೊಸ ಗೌರವ ಹೊಸ ಬಟ್ಟೆಯ ಹಾಗೆ, ಉಟ್ಟು ಉಟ್ಟು ರೂಢಿಯಾಗದೆ ಮೈಗೆ ಕೂರುವುದಿಲ್ಲ.

1.7: ಕೊಲೆ ಬೇಡ ಅಂತ ಮ್ಯಾಕ್‌ಬೆತ್ ಹೆಂಡತಿಗೆ ಹೇಳುತ್ತಾನೆ. ಜನರಿಂದ ಬಂಗಾರದಂಥ ಹೆಸರು ಸಿಕ್ಕಿದೆ, ಹೊಸ ಹೊಳಪು ಇರುವಾಗಲೇ ಅದನ್ನು ತೊಡಬೇಕು, ಇಷ್ಟು ಬೇಗ ಬಿಸಾಕುವುದು ಬೇಡ. ಅವಳು ತಕ್ಷಣ ಅದೇ ಮಾತನ್ನು ಹಿಡಿಯುತ್ತಾಳೆ: ಹಾಗಾದರೆ ನೀನು ತೊಟ್ಟುಕೊಂಡಿದ್ದ ಆ ಆಸೆ ಕುಡಿದು ಬಿದ್ದಿತ್ತಾ? ನೋಡಿ, ಗಂಡನ ಬಟ್ಟೆ ಜನ ಕೊಟ್ಟ ಹೆಸರು, ಹೆಂಡತಿಯ ಕಣ್ಣಲ್ಲಿ ಬಟ್ಟೆ ಅವನ ಆಸೆ. ಒಂದೇ ಪ್ರತಿಮೆ ಇಬ್ಬರ ಬಾಯಲ್ಲಿ ಎರಡು ದಿಕ್ಕಿಗೆ ಎಳೆಯುತ್ತದೆ. ಇಂಥ ಜಾಗ ಸಿಕ್ಕರೆ ಪೆನ್ಸಿಲ್‌ನಿಂದ ಎರಡು ಗೆರೆ ಎಳೆಯಿರಿ.

2.4: ಕೊಲೆಯಾಗಿದೆ. ಮ್ಯಾಕ್‌ಬೆತ್ ಪಟ್ಟ ಕಟ್ಟಿಸಿಕೊಳ್ಳಲು ಹೋಗಿದ್ದಾನೆ. ಮ್ಯಾಕ್‌ಡಫ್ ಹೋಗುವುದಿಲ್ಲ, ಅಲ್ಲಿಗೆ ಹೊರಟ ಇನ್ನೊಬ್ಬ ಥೇನ್ ರಾಸ್‌ಗೆ ಇಷ್ಟೇ ಹೇಳುತ್ತಾನೆ: ಅಲ್ಲಿ ಎಲ್ಲ ಒಳ್ಳೆಯದಾಗಲಿ, ಹೊಸ ನಿಲುವಂಗಿಗಿಂತ ಹಳೆಯದೇ ಮೈಗೆ ಹಿತವಾಗಿತ್ತು ಅನ್ನುವ ಹಾಗೆ ಆಗದಿರಲಿ. ಮ್ಯಾಕ್‌ಡಫ್‌ನ ಅನುಮಾನದ ಸುಳಿವು ಬಟ್ಟೆಯ ಮಾತಿನಲ್ಲೇ ಬರುತ್ತದೆ.

5.2: ಮ್ಯಾಕ್‌ಬೆತ್‌ನ ಮೇಲೆ ದಂಡೆತ್ತಿ ಬಂದವರ ಮಾತು. ಒಬ್ಬ ಹೇಳುತ್ತಾನೆ, ರೋಗದಿಂದ ಊದಿದ ತನ್ನ ಸಂಗತಿಯನ್ನು ಆಳ್ವಿಕೆಯ ಸೊಂಟಪಟ್ಟಿಯೊಳಗೆ ಬಿಗಿಯಲು ಅವನಿಂದ ಆಗುತ್ತಿಲ್ಲ. ಇನ್ನೊಬ್ಬ ಹೇಳುತ್ತಾನೆ, ಪದವಿ ಅವನ ಮೈಮೇಲೆ ಜೋತಾಡುತ್ತಿದೆ, ರಾಕ್ಷಸನ ನಿಲುವಂಗಿ ಕದ್ದ ಕುಳ್ಳ ಕಳ್ಳನ ಮೇಲೆ ಜೋತಾಡುವ ಹಾಗೆ.

5.3: ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಇಲ್ಲಿ ಬಟ್ಟೆ ಮಾತಿನಿಂದ ಇಳಿದು ರಂಗದ ಮೇಲೆ ಬರುತ್ತದೆ. ಮ್ಯಾಕ್‌ಬೆತ್ ಕವಚ ತಾ ಅನ್ನುತ್ತಾನೆ. ಈಗಲೇ ಬೇಕಾಗಿಲ್ಲ ಅಂತ ಸೇವಕ ಹೇಳುತ್ತಾನೆ. ಆದರೂ ತೊಡುತ್ತೇನೆ ಅನ್ನುತ್ತಾನೆ. ತೊಡಿಸುತ್ತಿರುವಾಗಲೇ ವೈದ್ಯನ ಜೊತೆ ಮಾತು, ಮಧ್ಯೆ ಕಿತ್ತು ತೆಗೆ ಅನ್ನುತ್ತಾನೆ, ಆಮೇಲೆ ನನ್ನ ಹಿಂದೆ ತೆಗೆದುಕೊಂಡು ಬಾ ಅನ್ನುತ್ತಾನೆ. ಶುರುವಿನಲ್ಲಿ ಎರವಲು ಬಟ್ಟೆ ಬೇಡ ಅಂದವನಿಗೆ ಈಗ ತನ್ನದೇ ಕವಚವೂ ಮೈಮೇಲೆ ನಿಲ್ಲುವುದಿಲ್ಲ.

ಈಗ ನಿಮ್ಮ ನೋಟ್‌ಬುಕ್ ನೋಡಿ. ಆರೇಳು ಸಾಲು ಇರುತ್ತದೆ. ಅದನ್ನು ಮೇಲಿಂದ ಕೆಳಗೆ ಓದಿದರೆ ಒಂದು ಸಣ್ಣ ಕಥೆ. ಪದವಿ ತಾನಾಗಿ ಬಂದಾಗ ಹೊಸ ಬಟ್ಟೆ, ಕಾಲ ಕಳೆದರೆ ಕೂರುತ್ತಿತ್ತು. ಕದ್ದಾಗ ಅದು ಯಾವತ್ತೂ ಕೂರುವುದಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅನ್ನುವ ಗಾದೆಗೆ ಈ ನಾಟಕವನ್ನು ಇಳಿಸಿಬಿಡುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮ್ಯಾಕ್‌ಬೆತ್ ಕಾಲು ಚಾಚಿದ್ದು ಜಾಸ್ತಿಯಾಯಿತು ಅಂತ ನಾಟಕ ಹೇಳುತ್ತಿಲ್ಲ. ಕಾಡರ್‌ನ ಪದವಿಗೆ ಅವನು ತಕ್ಕವನೇ ಆಗಿದ್ದ, ಅದು ಅವನ ಶೌರ್ಯಕ್ಕೆ ಸಿಕ್ಕಿತ್ತು. ಮುಂದಿನದನ್ನು ಕೊಂದು ತೆಗೆದುಕೊಂಡ. ಆಸೆಗೂ ಕಳವಿಗೂ ನಡುವಿನ ಆ ಗೆರೆಯನ್ನು ಬಟ್ಟೆಯ ಪ್ರತಿಮೆ ಎಷ್ಟು ಸ್ಪಷ್ಟವಾಗಿ ಎಳೆಯುತ್ತದೆ, ಅಲ್ವಾ?

ಹಂತ 3: ಯಾರು ಹೇಳಿದರು, ಯಾವಾಗ ಹೇಳಿದರು ಅಂತ ಕೇಳಿ

ರಕ್ತಕ್ಕೆ ಬನ್ನಿ. ಇಲ್ಲಿ ತೊಂದರೆ ಹುಡುಕುವುದಲ್ಲ, ಎಲ್ಲ ಪುಟದಲ್ಲೂ ಸಿಗುವುದೇ ತೊಂದರೆ. "ರಕ್ತ ಪಾಪದ ಸಂಕೇತ" ಅಂತ ಒಂದೇ ಸಾಲಿನಲ್ಲಿ ಮುಗಿಸಿದರೆ 1.2ರಲ್ಲೇ ಎಡವುತ್ತೀರಿ. ಅಲ್ಲಿ ಮೈಯೆಲ್ಲ ರಕ್ತವಾದ ಸೈನಿಕನಿಗೆ ಡಂಕನ್ ಹೇಳುವುದು, ನಿನ್ನ ಮಾತಿನ ಹಾಗೆ ನಿನ್ನ ಗಾಯಕ್ಕೂ ಮಾನದ ರುಚಿ ಇದೆ ಅಂತ. ಅಲ್ಲಿ ರಕ್ತ ಅಂದರೆ ಗೌರವ. 2.3ರಲ್ಲಿ ಡಂಕನ್ನನ ಕಿರಿಯ ಮಗ ಡೊನಾಲ್‌ಬೇನ್ ಹೇಳುತ್ತಾನೆ, ರಕ್ತದಲ್ಲಿ ಹತ್ತಿರವಾದಷ್ಟೂ ರಕ್ತ ಹರಿಸಲು ಹತ್ತಿರ. ನಮಗಿದು ಅನುವಾದ ಮಾಡದೆಯೇ ಅರ್ಥವಾಗುತ್ತದೆ, ರಕ್ತಸಂಬಂಧ ಅನ್ನುವುದು ನಮ್ಮದೇ ಮಾತು. 3.4ರ ಹೊತ್ತಿಗೆ ರಕ್ತ ಒಂದು ಹೊಳೆ: ಇಷ್ಟು ದೂರ ಇಳಿದಿದ್ದೇನೆ, ಹಿಂದಕ್ಕೆ ಬರುವುದೂ ಆಚೆ ದಡ ಸೇರುವಷ್ಟೇ ಕಷ್ಟ ಅನ್ನುತ್ತಾನೆ ಮ್ಯಾಕ್‌ಬೆತ್.

ಆದ್ದರಿಂದ ಪ್ರತಿ ಗುರುತಿನ ಪಕ್ಕ ಮೂರು ವಿಷಯ ಬರೆಯಿರಿ. ಯಾರ ಮಾತು, ಯಾರಿಗೆ, ಕೊಲೆಗೆ ಮುಂಚೆಯೋ ಆಮೇಲೋ. ಈ ಮೂರನ್ನು ಬರೆದರೆ ನಾಟಕದ ಬಹಳ ದೊಡ್ಡ ಸಂಗತಿಯೊಂದು ಕಣ್ಣಿಗೆ ಬೀಳುತ್ತದೆ. ಗಂಡ ಹೆಂಡತಿ ಜಾಗ ಬದಲಾಯಿಸಿಕೊಳ್ಳುತ್ತಾರೆ.

2.2 ತೆಗೆಯಿರಿ. ಕೊಲೆ ಮುಗಿಸಿ ಬಂದ ಮ್ಯಾಕ್‌ಬೆತ್ ಕೈ ನೋಡಿಕೊಳ್ಳುತ್ತಾನೆ. ಸಮುದ್ರದೇವತೆಯ ಸಾಗರವೆಲ್ಲ ಸೇರಿದರೂ ಈ ರಕ್ತ ತೊಳೆಯುತ್ತದಾ? ಇಲ್ಲ, ಈ ಕೈಯೇ ಹಸಿರು ಕಡಲನ್ನೆಲ್ಲ ಕೆಂಪು ಮಾಡುತ್ತದೆ. ಅವಳು ಒಳಗೆ ಹೋಗಿ ಮಲಗಿದ್ದ ಕಾವಲುಗಾರರಿಗೆ ರಕ್ತ ಬಳಿದು ಬರುತ್ತಾಳೆ. ನನ್ನ ಕೈಗೂ ನಿನ್ನದೇ ಬಣ್ಣ ಬಂದಿದೆ, ಆದರೆ ನಿನ್ನಂಥ ಬಿಳಿಚಿದ ಎದೆ ಇಟ್ಟುಕೊಳ್ಳಲು ನನಗೆ ನಾಚಿಕೆ ಅನ್ನುತ್ತಾಳೆ. ಆಮೇಲೆ, ಸ್ವಲ್ಪ ನೀರು ಸಾಕು, ಎಲ್ಲ ಹೋಗುತ್ತದೆ.

ಈಗ 5.1ಕ್ಕೆ ಹೋಗಿ. ನಿದ್ದೆಯಲ್ಲಿ ನಡೆಯುವ ಅವಳು ಕೈ ಉಜ್ಜುತ್ತಿದ್ದಾಳೆ. ಕಾಲು ಗಂಟೆ ಹೀಗೇ ಉಜ್ಜಿದ್ದನ್ನು ನೋಡಿದ್ದೇನೆ ಅನ್ನುತ್ತಾಳೆ ಸೇವಕಿ. ಹೋಗು, ಹಾಳು ಕಲೆಯೇ. ಆ ಮುದುಕನ ಮೈಯಲ್ಲಿ ಇಷ್ಟು ರಕ್ತ ಇದ್ದೀತು ಅಂತ ಯಾರಿಗೆ ಗೊತ್ತಿತ್ತು? ಅರಬ್ ದೇಶದ ಅಷ್ಟೂ ಸುಗಂಧ ತಂದರೂ ಈ ಪುಟ್ಟ ಕೈಯ ವಾಸನೆ ಹೋಗುವುದಿಲ್ಲ. ಅವನು ಸಾಗರ ಅಂದಿದ್ದ, ಅವಳು ಸ್ವಲ್ಪ ನೀರು ಅಂದಿದ್ದಳು. ಅವನ ಮಾತು ಅವಳ ಕೈಗೆ ಬಂದು ಅಂಟಿದೆ. ಇನ್ನೊಂದು ಗಮನಿಸಿ. ಅಲ್ಲಿಯವರೆಗೆ ಗಟ್ಟಿಯಾದ ಪದ್ಯದಲ್ಲಿ ಮಾತಾಡಿದವಳು ಇಲ್ಲಿ ಗದ್ಯದಲ್ಲಿ ಮಾತಾಡುತ್ತಾಳೆ. ವಾಕ್ಯಗಳು ತುಂಡು ತುಂಡು. ಮನಸ್ಸು ಒಡೆದದ್ದನ್ನು ಭಾಷೆಯೇ ತೋರಿಸುತ್ತದೆ.

ಆ ಹೊತ್ತಿಗೆ ಅವನು ಎಲ್ಲಿದ್ದಾನೆ? 5.5ರಲ್ಲಿ ಹೆಂಗಸರ ಚೀತ್ಕಾರ ಕೇಳಿಸುತ್ತದೆ. ಭಯದ ರುಚಿಯೇ ಮರೆತುಹೋಗಿದೆ ಅನ್ನುತ್ತಾನೆ. ಗಾಳಿಯಲ್ಲಿ ಬಾಕು ಕಂಡು ನಡುಗಿದ ಮನುಷ್ಯ ಹೆಂಡತಿ ಸತ್ತ ಸುದ್ದಿಗೂ ಅಲುಗುವುದಿಲ್ಲ. ನನಗೆ ಈ ನಾಟಕದ ನಿಜವಾದ ದುರಂತ ಇದೇ ಅನ್ನಿಸುತ್ತದೆ. ತಲೆ ಹೋಗುವುದು ಆಮೇಲಿನ ಮಾತು. ಅಷ್ಟೊಂದು ಸೂಕ್ಷ್ಮವಾಗಿ ಅನುಭವಿಸುತ್ತಿದ್ದವನಿಗೆ ಕೊನೆಗೆ ಏನೂ ಅನ್ನಿಸದ ಹಾಗಾಯಿತು.

ಹಂತ 4: ಮಾತಿನ ಚಿತ್ರ, ಕಣ್ಣೆದುರಿನ ಚಿತ್ರ ಎರಡನ್ನೂ ಜೋಡಿಸಿ

ಇದು ನಾಟಕ, ಆಡಲು ಬರೆದದ್ದು. ಶೇಕ್ಸ್‌ಪಿಯರ್‌ನ ಗ್ಲೋಬ್ ರಂಗಮಂದಿರದಲ್ಲಿ ನಾಟಕ ನಡೆಯುತ್ತಿದ್ದದ್ದು ಮಧ್ಯಾಹ್ನದ ಬೆಳಕಿನಲ್ಲಿ, ತೆರೆದ ಆಕಾಶದ ಕೆಳಗೆ. ವಿದ್ಯುತ್ ದೀಪ ಇಲ್ಲ, ಕತ್ತಲೆ ಮಾಡುವ ದಾರಿಯಿಲ್ಲ. ರಾತ್ರಿ ಆಯಿತು ಅಂತ ತೋರಿಸಲು ಎರಡೇ ಸಾಧನ: ಮಾತು, ಕೈಯಲ್ಲಿ ಹಿಡಿದ ದೀವಟಿಗೆ. ಇದು ತಿಳಿದ ಮೇಲೆ ಕತ್ತಲೆಯ ಸಾಲುಗಳನ್ನು ಮತ್ತೆ ಓದಿ.

1.4ರಲ್ಲಿ ಮ್ಯಾಕ್‌ಬೆತ್ ನಕ್ಷತ್ರಗಳಿಗೆ, ನಿಮ್ಮ ಬೆಂಕಿ ಮುಚ್ಚಿಕೊಳ್ಳಿ, ನನ್ನ ಕರಾಳ ಆಸೆಗಳು ಕಾಣದಿರಲಿ ಅನ್ನುತ್ತಾನೆ. 1.5ರಲ್ಲಿ ಅವಳು ಬೇರೆ ಜಾಗದಲ್ಲಿ, ಅವನ ಮಾತು ಕೇಳದೆಯೇ, ದಟ್ಟ ರಾತ್ರಿಯೇ ಬಾ ಅಂತ ಕರೆಯುತ್ತಾಳೆ. ಇಬ್ಬರಿಗೂ ಬೇಕಾದದ್ದು ಒಂದೇ, ತಮ್ಮ ಕೆಲಸ ತಮಗೇ ಕಾಣಬಾರದು. 3.2ರಲ್ಲಿ ಅವನು ರಾತ್ರಿಗೆ ಹೇಳುವ ಮಾತು ಇನ್ನೂ ಘೋರ. ಬೇಟೆಗೆ ಪಳಗಿಸುವ ಗಿಡುಗದ ರೆಪ್ಪೆಗಳನ್ನು ಆಗ ದಾರದಿಂದ ಹೊಲಿಯುತ್ತಿದ್ದರು. ಹಗಲಿನ ಕರುಣೆಯ ಕಣ್ಣನ್ನೂ ಹಾಗೆ ಹೊಲಿದುಬಿಡು ಅನ್ನುತ್ತಾನೆ. ಮರುದೃಶ್ಯದಲ್ಲಿ ಬ್ಯಾಂಕೊ ಮಗನ ಜೊತೆ ದೀವಟಿಗೆ ಹಿಡಿದು ಬರುತ್ತಾನೆ. ಕೊಲೆಗಾರರು ಮೇಲೆ ಬೀಳುತ್ತಾರೆ, ದೀವಟಿಗೆ ಆರುತ್ತದೆ, ಆ ಕತ್ತಲೆಯಲ್ಲಿ ಮಗ ಫ್ಲಿಯಾನ್ಸ್ ತಪ್ಪಿಸಿಕೊಳ್ಳುತ್ತಾನೆ. ದೀಪ ಆರಿಸಿದವರು ಯಾರು ಅಂತ ಕೊಲೆಗಾರನೊಬ್ಬ ಕೇಳುತ್ತಾನೆ. ಮ್ಯಾಕ್‌ಬೆತ್ ಕೇಳಿಕೊಂಡ ಕತ್ತಲೆಯೇ ಅವನ ಲೆಕ್ಕ ತಪ್ಪಿಸಿತು.

5.1ರಲ್ಲಿ ನಿದ್ದೆಯಲ್ಲಿ ನಡೆಯುವವಳ ಕೈಯಲ್ಲಿ ಮೋಂಬತ್ತಿ. ಯಾವಾಗಲೂ ದೀಪ ಪಕ್ಕದಲ್ಲೇ ಇರಬೇಕು, ಅದು ಅವರ ಅಪ್ಪಣೆ ಅನ್ನುತ್ತಾಳೆ ಸೇವಕಿ. ದಟ್ಟ ರಾತ್ರಿಯನ್ನು ಕರೆದವಳು ಇವಳೇ. 5.5ರಲ್ಲಿ ಅವಳ ಸಾವಿನ ಸುದ್ದಿ ಕೇಳಿ ಅವನು ಹೇಳುವುದೂ ಮೋಂಬತ್ತಿಯ ಮಾತೇ: ಆರು, ಆರಿಹೋಗು, ಗಳಿಗೆಯ ದೀಪವೇ. ಅಲ್ಲಿ ಅವನು ಜೀವನದ ಬಗ್ಗೆ ಮಾತಾಡುತ್ತಿದ್ದಾನೆ ಅಂತ ಎಲ್ಲ ಗೈಡ್‌ಗಳೂ ಬರೆಯುತ್ತವೆ. ಸರಿಯೇ. ಆದರೆ ನೋಡುಗರು ಸ್ವಲ್ಪ ಹೊತ್ತಿನ ಹಿಂದೆ ಅವಳ ಕೈಯಲ್ಲಿ ಆ ದೀಪ ನೋಡಿರುತ್ತಾರೆ. ಅದನ್ನೂ ಸೇರಿಸಿ ಬರೆಯಿರಿ.

ನಿದ್ದೆಯನ್ನೂ ಹೀಗೇ ಹಿಂಬಾಲಿಸಬಹುದು. 2.2ರಲ್ಲಿ "ಮ್ಯಾಕ್‌ಬೆತ್ ನಿದ್ದೆಯನ್ನು ಕೊಂದ" ಎಂಬ ಧ್ವನಿ, 3.2ರಲ್ಲಿ ಸತ್ತ ಡಂಕನ್ ಹಾಯಾಗಿ ಮಲಗಿದ್ದಾನೆ ಎಂಬ ಹೊಟ್ಟೆಕಿಚ್ಚು, 3.4ರಲ್ಲಿ ನಿನಗೆ ನಿದ್ದೆ ಸಾಲದು ಅನ್ನುವ ಹೆಂಡತಿ. ನಡುವಿನದನ್ನು ನೀವೇ ತುಂಬಿಸಿಕೊಳ್ಳಿ.

ಹಂತ 5: ಎದುರು ನಿಲ್ಲುವ ಪ್ರತಿಮೆ ಹುಡುಕಿ

ರಕ್ತ, ಕತ್ತಲೆ ಇಷ್ಟರಲ್ಲೇ ನಿಂತರೆ ನಾಟಕದ ಅರ್ಧ ಮಾತ್ರ ಸಿಗುತ್ತದೆ. ಇದರ ಎದುರಿಗೆ ಬೆಳೆಯುವ ವಸ್ತುಗಳ ಒಂದು ಸಾಲು ಇದೆ: ಬೀಜ, ಗಿಡ, ಗೂಡು, ಮಗು. 1.3ರಲ್ಲಿ ಬ್ಯಾಂಕೊ ಮಾಟಗಾತಿಯರನ್ನು ಕೇಳುವುದು, ಕಾಲದ ಬೀಜಗಳಲ್ಲಿ ಯಾವುದು ಮೊಳೆಯುತ್ತದೆ ಅಂತ ನಿಮಗೆ ಕಾಣುವುದಾದರೆ ಹೇಳಿ ಅಂತ. 1.4ರಲ್ಲಿ ಡಂಕನ್ ಮ್ಯಾಕ್‌ಬೆತ್‌ಗೆ ಹೇಳುತ್ತಾನೆ: ನಿನ್ನನ್ನು ನೆಟ್ಟಿದ್ದೇನೆ, ತುಂಬಿ ಬೆಳೆಯುವ ಹಾಗೆ ನೋಡಿಕೊಳ್ಳುತ್ತೇನೆ. ಇದು ಬಹಳ ಮುಖ್ಯ. ಮೇಲೇರುವುದಕ್ಕೆ ಅವನಿಗೆ ಇನ್ನೊಂದು ದಾರಿ ತೆರೆದೇ ಇತ್ತು. ಗಿಡದ ಹಾಗೆ ಕಾಲ ಹಿಡಿಯುವ ದಾರಿ. ಅವನಿಗೆ ಕಾಯುವುದು ಆಗಲಿಲ್ಲ.

1.6ರಲ್ಲಿ ಡಂಕನ್, ಬ್ಯಾಂಕೊ ಕೋಟೆಯ ಮುಂದೆ ನಿಂತು ಗಾಳಿ ಎಷ್ಟು ಹಿತವಾಗಿದೆ ಅನ್ನುತ್ತಾರೆ, ಗೋಡೆಯ ಸಂದಿಯಲ್ಲಿ ಕವಲುತೋಕೆ ಹಕ್ಕಿ ಗೂಡು ಕಟ್ಟಿದ್ದನ್ನು ನೋಡುತ್ತಾರೆ. ಒಳಗೆ ಕೊಲೆಗೆ ತಯಾರಿ ಆಗಿದೆ ಅಂತ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಪಾತ್ರಕ್ಕೆ ತಿಳಿಯದ್ದು ನೋಡುಗರಿಗೆ ತಿಳಿದಿರುವ ಈ ಬಗೆಗೆ ನಾಟಕೀಯ ವ್ಯಂಗ್ಯ ಅನ್ನುತ್ತಾರೆ. ಡಂಕನ್ ಈಚೆಗಷ್ಟೇ, ಮುಖ ನೋಡಿ ಮನಸ್ಸು ಓದುವ ವಿದ್ಯೆ ಇಲ್ಲ ಅಂದಿದ್ದ. ಅಂದವನೇ ಮುಖ ನೋಡಿ ಮತ್ತೆ ನಂಬಿದ.

ಕೊಲೆಯಾದ ಮೇಲೆ ಈ ಲೋಕ ತಲೆಕೆಳಗಾಗುತ್ತದೆ. 2.4ರಲ್ಲಿ ಇಲಿ ಹಿಡಿಯುವ ಗೂಬೆ ಗಿಡುಗವನ್ನು ಕೊಂದಿತು, ಡಂಕನ್ನನ ಕುದುರೆಗಳು ಒಂದನ್ನೊಂದು ತಿಂದವು ಅನ್ನುವ ಸುದ್ದಿ. 3.1ರಲ್ಲಿ ಮ್ಯಾಕ್‌ಬೆತ್ ತನ್ನ ಕಿರೀಟಕ್ಕೆ ಫಲವಿಲ್ಲ, ರಾಜದಂಡ ಬಂಜೆ ಅಂತ ಕೊರಗುತ್ತಾನೆ. ಆಮೇಲೆ ಅವನು ಮಕ್ಕಳ ಮೇಲೆ ಕೈ ಮಾಡುತ್ತಾನೆ. 4.3ರಲ್ಲಿ ಮ್ಯಾಕ್‌ಡಫ್, ನನ್ನ ಮರಿಗಳನ್ನೂ ತಾಯಿಯನ್ನೂ ಒಂದೇ ಎರಗಿಗೆ ಹದ್ದು ಒಯ್ದಿತಾ ಅಂತ ಅಳುತ್ತಾನೆ. 5.3ರಲ್ಲಿ ಮ್ಯಾಕ್‌ಬೆತ್‌ಗೆ ತನ್ನ ಬದುಕು ಹಳದಿಗೆ ತಿರುಗಿ ಒಣಗಿದ ಎಲೆ. ಅದಾದ ಮೇಲೆ ಬರ್ನಮ್ ಕಾಡಿನ ಹಸಿರು ಕೊಂಬೆಗಳನ್ನು ಹಿಡಿದ ಸೈನ್ಯ ಅವನ ಕೋಟೆಯತ್ತ ನಡೆದುಬರುತ್ತದೆ. ನಾಟಕದ ಕೊನೇ ಮಾತಿನಲ್ಲಿ ಮಾಲ್ಕಮ್, ಕಾಲದ ಜೊತೆ ಹೊಸದಾಗಿ ನೆಡಬೇಕಾದದ್ದನ್ನೆಲ್ಲ ನೆಡೋಣ ಅನ್ನುತ್ತಾನೆ. ಅಪ್ಪ ಬಳಸಿದ ಪದವೇ ಮಗನ ಬಾಯಲ್ಲಿ.

ಹಂತ 6: ಈಗ ಆಶಯ ಬರೆಯಿರಿ

1.7ರ ಸ್ವಗತ ತೆಗೆಯಿರಿ. ಸ್ವಗತ ಅಂದರೆ ಪಾತ್ರ ಒಬ್ಬಂಟಿಯಾಗಿ ಮನಸ್ಸಿನ ಮಾತನ್ನು ಗಟ್ಟಿಯಾಗಿ ಹೇಳುವುದು. ಡಂಕನ್ ನನ್ನ ಬಂಧು, ನನ್ನ ದೊರೆ, ನನ್ನ ಮನೆಯ ಅತಿಥಿ, ಬಾಗಿಲು ಹಾಕಬೇಕಾದವನು ನಾನು, ನಾನೇ ಚಾಕು ಹಿಡಿಯುವುದಾ ಅಂತ ಮ್ಯಾಕ್‌ಬೆತ್ ಒಂದೊಂದಾಗಿ ಲೆಕ್ಕ ಹಾಕುತ್ತಾನೆ. ತನ್ನನ್ನು ಓಡಿಸುವುದು ಮಹತ್ವಾಕಾಂಕ್ಷೆಯೊಂದೇ, ಅದು ಕುದುರೆ ಹತ್ತಲು ಜಿಗಿದು ಆಚೆ ಬದಿಗೆ ಬೀಳುವ ಸವಾರನ ಹಾಗೆ ಅಂತ ಅವನೇ ಹೇಳುತ್ತಾನೆ. ಬೀಳುತ್ತೇನೆ ಅಂತ ಗೊತ್ತಿದ್ದೂ ಜಿಗಿಯುತ್ತಾನೆ. ನಿಮ್ಮ ಆಶಯದ ವಾಕ್ಯದಲ್ಲಿ ಈ "ಗೊತ್ತಿದ್ದೂ" ಅನ್ನುವುದು ಇರಲೇಬೇಕು.

ಇಲ್ಲಿ ಜನ ಎಡವುವ ಜಾಗ ಮೂರು.

ಎಲ್ಲ ಮಾಟಗಾತಿಯರು ಮಾಡಿಸಿದರು ಅನ್ನುವುದು ಒಂದು. ಅವರು ಕೊಲ್ಲು ಅಂತ ಎಲ್ಲೂ ಹೇಳಲಿಲ್ಲ. ಬ್ಯಾಂಕೊ ಕೂಡ ಅದೇ ಜಾಗದಲ್ಲಿ ನಿಂತು ಭವಿಷ್ಯ ಕೇಳಿದ, ಅವನು ಯಾರನ್ನೂ ಕೊಲ್ಲಲಿಲ್ಲ.

ಎಲ್ಲ ಹೆಂಡತಿ ಮಾಡಿಸಿದಳು ಅನ್ನುವುದು ಇನ್ನೊಂದು. ಡಂಕನ್ನನ ಕೊಲೆಗೆ ಅವಳು ದೂಡಿದ್ದು ನಿಜ. ಆದರೆ ಕೊಲೆಯ ಯೋಚನೆ 1.3ರಲ್ಲೇ ಅವನ ತಲೆಯಲ್ಲಿ ಬಂದು ಕೂದಲು ನಿಮಿರಿತ್ತು. ಬ್ಯಾಂಕೊನ ಕೊಲೆಯ ವಿಷಯ ಅವಳಿಗೆ ಹೇಳುವುದೂ ಇಲ್ಲ. ಮ್ಯಾಕ್‌ಡಫ್‌ನ ಮನೆಯವರ ಕೊಲೆಯಲ್ಲಿ ಅವಳ ಪಾತ್ರವೇ ಇಲ್ಲ.

ಮೂರನೆಯದು ಪ್ರತಿಮೆಗೆ ಒಂದೇ ಅರ್ಥ ಅಂಟಿಸುವುದು. ರಕ್ತದ ವಿಷಯದಲ್ಲಿ ನೋಡಿದೆವಲ್ಲ, ಅರ್ಥ ಅಂಕದಿಂದ ಅಂಕಕ್ಕೆ ಬದಲಾಗುತ್ತದೆ. ಬದಲಾವಣೆಯನ್ನೇ ಬರೆಯಿರಿ.

ಹಂತ 7: ಪ್ಯಾರಾ ಕಟ್ಟಿ

ಎರಡು ಮಾದರಿ ಕೊಡುತ್ತೇನೆ. ಇದು ದುರ್ಬಲವಾದದ್ದು:

"ಮ್ಯಾಕ್‌ಬೆತ್ ನಾಟಕದಲ್ಲಿ ಬಟ್ಟೆಯ ಪ್ರತಿಮೆ ಹಲವು ಕಡೆ ಬರುತ್ತದೆ. ಇದು ಮಹತ್ವಾಕಾಂಕ್ಷೆಯನ್ನು ಸೂಚಿಸುತ್ತದೆ. ಶೇಕ್ಸ್‌ಪಿಯರ್ ಇದನ್ನು ಬಹಳ ಸುಂದರವಾಗಿ ಬಳಸಿದ್ದಾನೆ."

ತಪ್ಪು ಏನೂ ಇಲ್ಲ, ಆದರೆ ನಾಟಕ ಓದದವರೂ ಇದನ್ನು ಬರೆಯಬಹುದು. ಇದು ಗಟ್ಟಿಯಾದದ್ದು:

"1.3ರಲ್ಲಿ ಮ್ಯಾಕ್‌ಬೆತ್‌ಗೆ ಹೊಸ ಪದವಿ ಎರವಲು ಬಟ್ಟೆಯ ಹಾಗೆ ಕಾಣುತ್ತದೆ. ತೊಟ್ಟು ರೂಢಿಯಾದರೆ ಸರಿಹೋಗುತ್ತದೆ ಅಂತ ಬ್ಯಾಂಕೊ ಸಮಾಧಾನವಾಗಿ ಹೇಳುತ್ತಾನೆ. ಆದರೆ 5.2ರಲ್ಲಿ ಅದೇ ಪ್ರತಿಮೆ ಶತ್ರುಗಳ ಬಾಯಲ್ಲಿ ಕದ್ದ ನಿಲುವಂಗಿಯಾಗುತ್ತದೆ. ನಡುವೆ ನಡೆದದ್ದು ಡಂಕನ್ನನ ಕೊಲೆ. ಶ್ರಮದಿಂದ ಬಂದ ಪದವಿಗೆ ಮೈ ಒಗ್ಗುತ್ತದೆ, ಕದ್ದ ಪದವಿಗೆ ಎಷ್ಟು ಕಾಲವಾದರೂ ಒಗ್ಗುವುದಿಲ್ಲ ಅಂತ ನಾಟಕ ಹೀಗೆ ಕಾಣಿಸುತ್ತದೆ."

ಎರಡು ಜಾಗ, ಇಬ್ಬರು ಮಾತುಗಾರರು, ನಡುವೆ ಆದ ಬದಲಾವಣೆ, ಅದರಿಂದ ಬಂದ ಒಂದು ವಾಕ್ಯ. ಒಂದು ಪ್ಯಾರಾಗೆ ಇಷ್ಟು ಸಾಕು. ಪರೀಕ್ಷೆಯಲ್ಲಿ ಇಂಥ ಮೂರು ಪ್ಯಾರಾ ಬರೆದರೆ, ಹತ್ತು ಪ್ರತಿಮೆಗಳ ಹೆಸರು ಪಟ್ಟಿ ಮಾಡುವುದಕ್ಕಿಂತ ಎಷ್ಟೋ ಮೇಲು.

ಹಂತ 8: ಸಾಧ್ಯವಾದರೆ ರಂಗದ ಮೇಲೆ ನೋಡಿ

ಒಬ್ಬ ನಿರ್ದೇಶಕ ಯಾವ ಪ್ರತಿಮೆಯನ್ನು ಎತ್ತಿಕೊಳ್ಳುತ್ತಾರೆ ಅನ್ನುವುದೇ ಒಂದು ಒಳ್ಳೆಯ ಪಾಠ. ನಮ್ಮ ಬಿ.ವಿ. ಕಾರಂತರು 1979ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿ ಎಂಬ ನಾಟಕ ತಂಡಕ್ಕೆ ಈ ನಾಟಕವನ್ನು ಹಿಂದಿಯಲ್ಲಿ, ಯಕ್ಷಗಾನದ ರೀತಿಯನ್ನು ಬಳಸಿ ಮಾಡಿಸಿದಾಗ ಇಟ್ಟ ಹೆಸರು "ಬರ್ನಂ ವನ". ನಾಯಕನ ಹೆಸರು ಹೋಗಿ ಕಾಡಿನ ಹೆಸರು ಬಂತು. ಎಚ್.ಎಸ್. ಶಿವಪ್ರಕಾಶರು ಇದೇ ಕಥೆಯನ್ನು "ಮಾರನಾಯಕನ ದೃಷ್ಟಾಂತ"ವಾಗಿ ಕನ್ನಡಕ್ಕೆ ಒಗ್ಗಿಸಿದರು, ಹುಲುಗಪ್ಪ ಕಟ್ಟೀಮನಿಯವರ ನಿರ್ದೇಶನದಲ್ಲಿ ಜೈಲಿನ ಕೈದಿಗಳು ಅದನ್ನು ಆಡಿದರು. ಕೈಗೆ ಅಂಟಿದ ರಕ್ತದ ಮಾತನ್ನು ಅವರ ಬಾಯಲ್ಲಿ ಕೇಳುವುದು ಹೇಗಿದ್ದಿರಬೇಕು ಅಂತ ಸುಮ್ನೆ ಒಂದು ಕ್ಷಣ ಯೋಚಿಸಿ.

ನಿಮ್ಮ ಊರಲ್ಲಿ ಪ್ರದರ್ಶನ ಇದ್ದರೆ ನೋಟ್‌ಬುಕ್ ಜೊತೆಗೆ ಹೋಗಿ. 2.2 ಮತ್ತು 5.1 ಬಂದಾಗ ನಟ ನಟಿಯರ ಮುಖ ಬಿಟ್ಟು ಕೈಗಳನ್ನು ನೋಡಿ. ಎರಡು ದೃಶ್ಯಕ್ಕೂ ಕೈಯ ಚಲನೆ ಒಂದೇ ಇಟ್ಟಿದ್ದಾರಾ, ಬೇರೆ ಮಾಡಿದ್ದಾರಾ ಅಂತ ಬರೆದುಕೊಳ್ಳಿ.